ಗಜ ಓದುಗರು, ಅಜ ಕುರ್ಚಿಗಳು

ಆಯ್ತುಬಿಡಿಯವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ನೆನಪಿಟ್ಟುಕೊಂಡಿದ್ದದ್ದು ವಿದ್ಯುತ್ ಬಿಲ್ಲು ಮಾತ್ರ. ಯಾರು ಏನು ಕೆಲಸ ಹೇಳಿದರೂ, ಹೇಳುವವರ ಮಾತು ಮುಗಿಯುವ ಮೊದಲೇ, "ಅದೇನ್ ಮಹಾ? ಆಯ್ತು ಬಿಡಿ!" ಎಂದು ಕೈ ಬೀಸುವುದು ಅವರ ಅಭ್ಯಾಸ. ಹಾಗಾಗಿ ಬೀದಿಗೆಲ್ಲ ಅವರು ಆಯ್ತುಬಿಡಿ. ಬಸ್ ನಿಲ್ದಾಣದ ಹಿಂದೆ ಅವರದೊಂದು ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಯಂತ್ರ, ಮತ್ತು ಈ ಮೂರೂ ಒಟ್ಟಿಗೆ ಕೈಕೊಟ್ಟಾಗ ತಲೆ ಮೇಲೆ ಕೈ ಹೊತ್ತು ಕೂರಲು ಒಂದು ಸ್ಟೂಲು.

ಹೇಳಿದ ಕೆಲಸ ಅವರು ಮಾಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದ ಹಾಗೇ ಮಾಡುತ್ತಿದ್ದರು ಎಂದರೆ ಅದು ಇನ್ನೂ ದೊಡ್ಡ ಸುಳ್ಳಾಗುತ್ತದೆ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು "ನೋವಿಲ್ಲದೆ ಹಲ್ಲು ಕೀಳಲಾಗುವುದು" ಎಂದು ಬೋರ್ಡು ಮಾಡಿಸಿಕೊಳ್ಳಲು ಬಂದಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ನೇತಾಡಿದ್ದು "ನೋವಿಲ್ಲದ ಹಲ್ಲು ಕೀಳಲಾಗುವುದು." ವಾರವಿಡೀ ಒಬ್ಬ ರೋಗಿಯೂ ಅತ್ತ ಸುಳಿಯಲಿಲ್ಲ. ಡಾಕ್ಟರು ಬಂದು ಕೂಗಾಡಿ ಹೋದ ಮೇಲೆ ಆಯ್ತುಬಿಡಿ ನೊಂದು ಹೇಳಿದ್ದು ಇಷ್ಟೇ: "ಒಂದು ಎತ್ವಕ್ಕೆ ಇಷ್ಟೊಂದು ರಂಪ ಮಾಡೋದಾ? ಕಾಲ ಕೆಟ್ಟೋಯ್ತು."

ಇಂಥ ಅಳಿಯನನ್ನು ಪಡೆದ ಅತ್ತೆ ಮಾತ್ರ ಸಾಮಾನ್ಯದವರಲ್ಲ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಊರಿನ ಅರ್ಧ ಜನರನ್ನು ಅವರು ದನಿಯಿಂದಲೇ ಗುರುತು ಹಿಡಿಯಬಲ್ಲರು, ಉಳಿದರ್ಧ ಜನರ ಸಂಸಾರದ ಗುಟ್ಟು ಅವರಿಗೆ ಗೊತ್ತು. ಈಗ ಅಂಧ ಓದುಗರ ಸಂಘದ ಅಧ್ಯಕ್ಷೆ. ನಗರಸಭೆಯ ಗ್ರಂಥಾಲಯದಲ್ಲಿ ಈ ಸಂಘಕ್ಕೊಂದು ಕೋಣೆಯಿತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ಬ್ರೈಲ್ ಬರೆಯಲು, ತಿದ್ದಲು ಎಂದೇ ತಯಾರಾದ ತಂತ್ರಾಂಶ. ಬರೆದದ್ದನ್ನು ಪಕ್ಕದ ಯಂತ್ರಕ್ಕೆ ಕಳಿಸಿದರೆ ದಪ್ಪ ಕಾಗದದ ಮೇಲೆ ಟಪಟಪನೆ ಉಬ್ಬು ಚುಕ್ಕಿಗಳು ಮೂಡುತ್ತಿದ್ದವು. ಕತೆ, ಪಾಠ, ಕೈತೋಟದ ಪುಸ್ತಕ, ಎಲ್ಲವೂ ಅಲ್ಲಿಂದಲೇ ಹೊರಡಬೇಕು.

ಹೀಗೆ ಸುಖವಾಗಿ ನಡೆಯುತ್ತಿದ್ದ ಕೋಣೆಯ ಮೇಲೆ ಹೊಸದಾಗಿ ಬಂದ ನಗರಸಭೆ ಆಯುಕ್ತರ ಕಣ್ಣು ಬಿತ್ತು. ಅವರು ಖರ್ಚಿನ ಕಡತದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚಿದರು: "ಟೈಪ್ ಮಾಡಲು ಪ್ರತ್ಯೇಕ ತಂತ್ರಾಂಶವೇಕೆ? ಕಚೇರಿಯ ಮಾಮೂಲಿ ಕಂಪ್ಯೂಟರಿನಲ್ಲೇ ನಿಭಾಯಿಸತಕ್ಕದ್ದು." ಅದು ಜಾರಿಯಾದರೆ ಆ ಕೋಣೆ ಮುರುಕು ಬೆಂಚುಗಳ ಗೋದಾಮಾಗುವುದಿತ್ತು. ಅತ್ತೆ ಸುಮ್ಮನಿರುವ ಪೈಕಿಯಲ್ಲ. ನಾಲ್ಕು ಕಡೆ ಫೋನು ಮಾಡಿ, ಆಯುಕ್ತರು ಒಮ್ಮೆ ಖುದ್ದಾಗಿ ಬಂದು ಓದುಗರ ಅಹವಾಲು ಕೇಳುವಂತೆ ಮಾಡಿದರು. ಅಹವಾಲನ್ನು ತಾವೇ ಬರೆದರು. ತಮ್ಮ ಗಂಟಲು ಕಟ್ಟಿದ್ದರಿಂದ ಓದುವ ಹೊಣೆಯನ್ನು ರೇಡಿಯೊ ತಾತನಿಗೆ ಒಪ್ಪಿಸಿದರು. ರೇಡಿಯೊ ತಾತ ಎಂದರೆ ಸಂಘದ ಹಿರಿಯ ಸದಸ್ಯರು, ಆಕಾಶವಾಣಿಯಲ್ಲಿ ಬ್ರೈಲ್ ಹಾಳೆ ಹಿಡಿದು ವಾರ್ತೆ ಓದಿದವರು. ಪ್ರವಾಹವಿರಲಿ, ಫಲಪುಷ್ಪ ಪ್ರದರ್ಶನವಿರಲಿ, ಅವರ ದನಿ ಒಂದು ನೂಲಿನಷ್ಟೂ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಆಯುಕ್ತರ ಪಿಎ ಫೋನು ಮಾಡಿದ. ಸಾಹೇಬರು ಮುಂದಿನ ವಾರ ಬರುವುದಿಲ್ಲ, ನಾಳೆ ಬೆಳಿಗ್ಗೆಯೇ ಬರುತ್ತಾರೆ.

ಅತ್ತೆ ಕೈಯಲ್ಲಿದ್ದ ತುತ್ತು ಕೆಳಗಿಟ್ಟು, ಕಟ್ಟಿದ ಗಂಟಲಿನ ಒಡಕು ದನಿಯಲ್ಲೇ ಹೇಳಿದರು. "ಅಯ್ಯೋ, ಕೆಲಸ ಕೆಟ್ಟಿತು! ಅಹವಾಲಿನಲ್ಲಿ ಎಲ್ಲಾ ಬರೆದಿದ್ದೀನಿ, ನಮಗೆ ಏನು ಬೇಕು ಅನ್ನೋದನ್ನೇ ಬರೆದಿಲ್ಲ! ಕೊನೇಲಿ ಒಂದು ಸಾಲು ಸೇರಿಸಬೇಕಿತ್ತು. ಗ್ರಂಥಪಾಲಕಿ ರಜೆ ಮೇಲೆ ಹೋಗಿದ್ದಾಳೆ, ಬರೋದೇ ನಾಳೆ. ಆ ತಂತ್ರಾಂಶ ತೆರೆಯೋ ಪಾಸ್‌ವರ್ಡ್ ಅವಳ ಹತ್ರ ಇದೆ, ಅವಳ ಫೋನು ಹತ್ತುತ್ತಿಲ್ಲ."

"ಫೈಲು ನಿಮ್ಮ ಹತ್ರ ಇದೆಯಾ ಅತ್ತೆ?" ಆಯ್ತುಬಿಡಿ ಕೇಳಿದರು.

"ಪೆನ್‌ಡ್ರೈವ್‌ನಲ್ಲಿದೆ. ಆದ್ರೆ ಅದನ್ನ ಬ್ರೈಲ್ ತಂತ್ರಾಂಶದಲ್ಲೇ ತಿದ್ದಬೇಕು ಅಳಿಯಂದಿರೇ. ಬೇರೆ ಕಡೆ ತೆರೆಯಲೇಬಾರದು ಅಂತ ಗ್ರಂಥಪಾಲಕಿ ಸಾವಿರ ಸಲ—"

"ಅದೇನ್ ಮಹಾ? ಆಯ್ತು ಬಿಡಿ!"

ಹೆಂಡತಿ ಗಂಡನ ಮುಖ ನೋಡಿದಳು. "ರೀ, ಒಂದು ಸಾಲು ಸೇರಿಸಿ. ಒಂದೇ ಒಂದು. ಬೇರೇನೂ ಮುಟ್ಟಬೇಡಿ."

"ಇಷ್ಟು ವರ್ಷ ಟೈಪಿಂಗ್ ಅಂಗಡಿ ನಡೆಸಿದವನಿಗೆ ಒಂದು ಸಾಲು ಸೇರಿಸೋಕೆ ಬರಲ್ವಾ?" ಎಂದವರೇ ಕೈ ತೊಳೆದು, ಪೆನ್‌ಡ್ರೈವನ್ನು ಎದೆಯ ಜೇಬಿಗಿಳಿಸಿ ಅಂಗಡಿಗೆ ನಡೆದರು.

ಅಂಗಡಿಯ ಕಂಪ್ಯೂಟರಿನಲ್ಲಿ ಫೈಲು ತೆರೆದ ಆಯ್ತುಬಿಡಿ ದಂಗಾದರು. ಕನ್ನಡವಿಲ್ಲ, ಚುಕ್ಕಿಗಳೂ ಇಲ್ಲ. ಪರದೆಯ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಆಶ್ಚರ್ಯಸೂಚಕ, ಬಾಣದ ಗುರುತು, ಕೋಲು, ಕೊಕ್ಕೆ. ಪ್ರತಿ ಪದದ ಕೆಳಗೂ ತಪ್ಪಾಗಿದೆ ಎಂಬ ಕೆಂಪು ಗೆರೆ. ಹಾಳೆಗೆ ಹಾಳೆಯೇ ಗೀರುಬಿದ್ದ ಮೊಣಕಾಲಿನ ಹಾಗೆ ಕಾಣುತ್ತಿತ್ತು.

ಪಕ್ಕದ ಅಂಗಡಿಯ ಟೈಲರ್ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಬಂದು ಬಗ್ಗಿ ನೋಡಿದ. "ಏನ್ ಸಾರ್ ಇದು? ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದೆಯಾ?"

"ಥೂ, ನಮ್ಮತ್ತೆ ಬರೆದಿದ್ದು ಕಣಯ್ಯಾ. ಪಾಪ, ವಯಸ್ಸಾಯ್ತಲ್ಲ, ತಪ್ಪುಗಳು ಜಾಸ್ತಿಯಾಗಿವೆ," ಎಂದು ಆಯ್ತುಬಿಡಿ ಕನಿಕರಪಟ್ಟರು. "ಮನೆಯವನಾಗಿ ನಾನೇ ಸರಿಮಾಡದಿದ್ರೆ ಇನ್ಯಾರು ಮಾಡ್ತಾರೆ?"

ಮನುಷ್ಯನಿಗೆ ಬೇರೆಯವರ ತಪ್ಪು ಕಂಡಾಗ ಬರುವ ಹುರುಪು ಊಟ, ನಿದ್ದೆ ಯಾವುದರಿಂದಲೂ ಬರುವುದಿಲ್ಲ. ಆಯ್ತುಬಿಡಿ ತೋಳು ಮಡಚಿದರು.

ಮೊದಲು ಅವರ ಕಣ್ಣಿಗೆ ಬಿದ್ದದ್ದು ಹ್ಯಾಶ್ ಗುರುತುಗಳು. ಅಡ್ಡಗೆರೆ ಉದ್ದಗೆರೆಯ ಜಾಲರಿ ಮರಿಯಂಥ ಗುರುತು ಅಲ್ಲೊಂದು ಇಲ್ಲೊಂದು ಕೂತಿತ್ತು.

"ಇದ್ಯಾಕ್ ಸಾರ್ ಇಲ್ಲಿ?" ಟೈಲರ್ ಕೇಳಿದ.

"ಕಸ. ಕೈ ತಾಗಿ ಬಂದಿರುತ್ತೆ," ಎಂದು ಆಯ್ತುಬಿಡಿ ಒಂದೇ ಆಜ್ಞೆಯಲ್ಲಿ ಫೈಲಿನಲ್ಲಿದ್ದ ಹ್ಯಾಶ್‌ಗಳನ್ನೆಲ್ಲ ಗುಡಿಸಿಹಾಕಿದರು. ಕಂಪ್ಯೂಟರು ಇಷ್ಟಿಷ್ಟು ತೆಗೆದೆ ಎಂದು ವರದಿ ಕೊಟ್ಟಿತು. ಇಬ್ಬರಿಗೂ ಮನೆ ಸ್ವಚ್ಛವಾದಷ್ಟು ಸಮಾಧಾನವಾಯಿತು.

ಆಮೇಲೆ ಸಾಲುಗಳು. ಪ್ರತಿ ಸಾಲೂ ಹಾಳೆಯ ಅರ್ಧಕ್ಕೇ ನಿಂತು ಕೆಳಗಿಳಿದಿತ್ತು. "ನೋಡು, ಅರ್ಧ ಹಾಳೆ ದಂಡ," ಎಂದು ಸಾಲುಗಳನ್ನೆಲ್ಲ ಜೋಡಿಸಿ ಅಂಚಿನಿಂದ ಅಂಚಿಗೆ ಎಳೆದರು. ಟೈಲರಿಗೆ ಇದು ಬಹಳ ಹಿಡಿಸಿತು. ಬಟ್ಟೆ ಉಳಿಸುವುದು ಅವನಿಗೂ ಗೊತ್ತಿದ್ದ ವಿದ್ಯೆ. ಕೊನೆಯಲ್ಲಿ ಅತ್ತೆ ಹೇಳಿದ ಸಾಲನ್ನು ಅಚ್ಚ ಕನ್ನಡ ಅಕ್ಷರಗಳಲ್ಲಿ ಟೈಪ್ ಮಾಡಿದರು: "ಆದ್ದರಿಂದ ನಮ್ಮ ಬ್ರೈಲ್ ತಂತ್ರಾಂಶವನ್ನೂ ಕೋಣೆಯನ್ನೂ ಉಳಿಸಿಕೊಡಬೇಕೆಂದು ಬೇಡುತ್ತೇವೆ." ಇಷ್ಟಕ್ಕೇ ತೃಪ್ತಿಯಾಗದೆ ಇಡೀ ಫೈಲಿನ ಅಕ್ಷರದ ಗಾತ್ರವನ್ನು ಎರಡು ಪಟ್ಟು ಹಿಗ್ಗಿಸಿದರು.

ಸಂಜೆ ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಹೆಂಡತಿ ಕೇಳಿದಳು: "ದೊಡ್ಡಕ್ಷರ ಯಾಕ್ರೀ?"

"ನಿಮ್ಮಮ್ಮನಿಗೆ ಕಣ್ಣು ಕಾಣಲ್ಲ ಅಲ್ವೇನೇ? ಓದೋಕೆ ಅನುಕೂಲ ಆಗ್ಲಿ ಅಂತ."

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಒಂದು ಪಾತ್ರೆ ಬೇಕಂತಲೇ ಬಿದ್ದಂತೆ ಸದ್ದಾಯಿತು.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಅಟೆಂಡರ್ ಬೀಗ ತೆಗೆದ. ಉಬ್ಬಚ್ಚಿನ ಯಂತ್ರದ ಗುಂಡಿ ಒತ್ತುವುದು ಅವನಿಗೆ ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ. ಬಣ್ಣ, ಗಾತ್ರ ಯಾವುದೂ ನಡೆಯದು, ಬರೀ ಅಕ್ಷರದ ಫೈಲು ಮಾತ್ರ ಈ ಯಂತ್ರಕ್ಕೆ ಹಿಡಿಸುತ್ತದೆ ಎಂದ. ಆಯ್ತುಬಿಡಿ ತಮ್ಮ ದೊಡ್ಡಕ್ಷರದ ಆಸೆಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟರು. ಯಂತ್ರ ಟಪಟಪ ಎಂದಿತು. ಕೊನೆಯ ಸಾಲಿಗೆ ಬಂದಾಗ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಗರಗರ ಎಂದು ನಿಂತಿತು. ಹಾಳೆಗಳು ಇನ್ನೂ ಬೆಚ್ಚಗಿದ್ದವು, ಅಷ್ಟರಲ್ಲಿ ಹೊರಗೆ ಆಯುಕ್ತರ ಕಾರಿನ ಬಾಗಿಲು ಧಡ್ ಎಂದಿತು. ಯಾರಿಗೂ ಓದಿ ನೋಡಲು ಪುರುಸೊತ್ತಾಗಲಿಲ್ಲ. ರೇಡಿಯೊ ತಾತನ ಕೈಗೊಂದು ಪ್ರತಿ, ಅತ್ತೆಯ ಮಡಿಲಿಗೊಂದು, ಮುಂದಿನ ಸಾಲುಗಳಲ್ಲಿದ್ದ ಸದಸ್ಯರಿಗೆ ಉಳಿದವು.

ಆಯುಕ್ತರು ದಪ್ಪ ಮೀಸೆಯ, ಅವಸರದ ಮನುಷ್ಯ. ಬಂದವರೇ ಗಡಿಯಾರ ನೋಡಿ, "ಹ್ಞೂಂ, ಶುರುಮಾಡಿ," ಎಂದರು. ಪಕ್ಕದಲ್ಲಿ ಪಿಎ ಪೆನ್ನು ಬಿಚ್ಚಿ ಕೂತ. ಸಾಹೇಬರ ಎದುರು ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳುವುದು ಅವನ ಧರ್ಮ, ಅರ್ಥಮಾಡಿಕೊಳ್ಳುವುದು ಅವನ ಕೆಲಸದಲ್ಲಿ ಸೇರಿರಲಿಲ್ಲ.

ರೇಡಿಯೊ ತಾತ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಹಾಳೆಯ ಮೇಲೆ ಬೆರಳಿಟ್ಟು ಆ ಹಳೆಯ, ಗಂಭೀರ, ದೇಶಕ್ಕೇ ಕೇಳಿಸುವಂಥ ದನಿಯಲ್ಲಿ ಆರಂಭಿಸಿದರು.

"ಮಾನ್ಯ ಆಯುಕ್ತರೇ. ನಮ್ಮ ಸಂಘ ಆರಂಭವಾಗಿ ಬಚ ವರ್ಷಗಳಾದವು."

ಆಯುಕ್ತರು ತಲೆ ಆಡಿಸಿದರು. ಯಾವುದೋ ಹಳಗನ್ನಡವಿರಬೇಕು, ತಿಳಿಯದವನಂತೆ ಕಾಣಬಾರದು ಎಂಬ ಎಚ್ಚರ ಅವರದು.

"ಈ ಕೋಣೆಗೆ ದಿನವೂ ಗಜ ಓದುಗರು ಬರುತ್ತಾರೆ."

ಪಿಎ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದ. ಸಾಹೇಬರು ಪಿಎಯ ಮುಖ ನೋಡಿದರು.

"ಆದರೆ ಇಲ್ಲಿರುವುದು ಕೇವಲ ಅಜ ಕುರ್ಚಿಗಳು."

"ಗಜ ಅಂದ್ರೆ ಆನೆ ಅಲ್ವೇನಯ್ಯಾ?" ಆಯುಕ್ತರು ಪಿಸುಗುಟ್ಟಿದರು.

"ಹೌದು ಸಾರ್. ಅಜ ಅಂದ್ರೆ ಆಡು."

"ಆನೆ ಇಲ್ಲಿಗೆ ಬರುತ್ತಾ? ಬಂದು ಆಡಿನ ಮೇಲೆ ಕೂರುತ್ತಾ?"

"ದಿನಾ ಬರುತ್ತೆ ಅಂತ ಹೇಳ್ತಿದ್ದಾರೆ ಸಾರ್. ಬರ್ಕೊಂಡಿದ್ದೀನಿ."

ಗೋಡೆಗೊರಗಿ ನಿಂತಿದ್ದ ಆಯ್ತುಬಿಡಿಯವರಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಗೆ, "ನಿಮ್ಮಮ್ಮನ ಭಾಷೆ ನೋಡೇ, ಏನು ಅಲಂಕಾರ! ಅಜಗಜಾಂತರ ಅಂತ ಎಷ್ಟು ಚೆನ್ನಾಗಿ ತಂದಿದ್ದಾರೆ!" ಎಂದರು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಯ ಬೆರಳು ಮಡಿಲಿನ ಹಾಳೆಯ ಮೇಲೆ ಗಕ್ಕನೆ ನಿಂತಿತ್ತು. ಅವರ ಎರಡೂ ಪಕ್ಕದಲ್ಲಿ, ಹಿಂದೆ, ಎಲ್ಲ ಸದಸ್ಯರ ಬೆರಳುಗಳೂ ನಿಂತಿದ್ದವು. ಗುಸುಗುಸು ಎದ್ದಿತು.

ರೇಡಿಯೊ ತಾತ ಯಾವುದಕ್ಕೂ ಜಗ್ಗುವ ಆಳಲ್ಲ. "ಕೂರಲು ಜಾಗವಿಲ್ಲದೆ ನಾವೆಲ್ಲ ಪ್ರತಿದಿನ ಸಾ," ಎಂದರು.

ಪದದ ನಡುವೆಯೇ ಹಾಳೆ ಮುಗಿದಿತ್ತು. ತಾತ ನಿಧಾನವಾಗಿ ಅದನ್ನು ಮಡಿಸಿ ಕೆಳಗಿಟ್ಟು, ಇನ್ನೊಂದನ್ನು ಕೈಗೆತ್ತಿಕೊಂಡು, ಅದರ ಮೇಲ್ತುದಿ ಹುಡುಕುತ್ತಿದ್ದರು. ಆಯುಕ್ತರು ಕುರ್ಚಿಯ ತುದಿಗೆ ಬಂದರು. "ಸಾಯ್ತಿದ್ದಾರಾ? ಇದನ್ಯಾಕೆ ನನಗೆ ಯಾರೂ ಹೇಳಿಲ್ಲ?"

"ಲಾಗಿ ನಿಲ್ಲುತ್ತೇವೆ," ಎಂದು ತಾತ ವಾಕ್ಯ ಮುಗಿಸಿದರು.

ಆಯುಕ್ತರು ಹಣೆ ಒರೆಸಿಕೊಂಡರು.

"ಹೆಚ್ಚಿನ ವಿವರಗಳಿಗೆ ಸಂಘವನ್ನು ಸಂಪರ್ಕಿಸಿ." ತಾತ ಒಂದು ಕ್ಷಣ ಬಿಟ್ಟು, ಪ್ರತಿ ಅಕ್ಷರಕ್ಕೂ ಅದರ ಮರ್ಯಾದೆ ಕೊಟ್ಟು ಉಚ್ಚರಿಸಿದರು: "ಗಹಚದಬಜ."

ಆ ದನಿಯಲ್ಲಿ, ಆ ಗಾಂಭೀರ್ಯದಲ್ಲಿ, ಅದು ಪ್ರಾರ್ಥನೆಯಲ್ಲದೆ ಬೇರೇನಾಗಿರಲು ಸಾಧ್ಯ? ಆಯುಕ್ತರು ಧಡಕ್ಕನೆ ಎದ್ದು ಕಣ್ಣು ಮುಚ್ಚಿ ನಿಂತರು. ಸಾಹೇಬರು ಎದ್ದ ಮೇಲೆ ಪಿಎ ಎದ್ದ, ಪಿಎ ಎದ್ದ ಮೇಲೆ ಅಟೆಂಡರ್ ಎದ್ದ, ಕುರ್ಚಿಗಳ ಸದ್ದು ಕೇಳಿ ಇಡೀ ಸಭೆಯೇ ಎದ್ದು ನಿಂತಿತು.

"ಅದು ನಮ್ಮ ಫೋನ್ ನಂಬರು ಕಣ್ರೋ!" ಎಂದು ಅತ್ತೆ ಕಟ್ಟಿದ ಗಂಟಲಿನಲ್ಲೇ ಚೀರಿದರು. ಹೊರಬಂದದ್ದು ಸೈಕಲ್ ಪಂಪಿನಂಥ ಬರೀ ಗಾಳಿ.

ಈಗ ಆಯ್ತುಬಿಡಿಯವರಿಗೆ ಹೊಳೆಯಿತು. ಗುಡಿಸಿಹಾಕಿದ ಹ್ಯಾಶ್‌ಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಅವರು ಗೋಡೆಗೆ ಬೆನ್ನು ಉಜ್ಜಿಕೊಂಡೇ ಬಾಗಿಲಿನ ಕಡೆ ಸರಿಯತೊಡಗಿದರು.

"ಎಲ್ಲಿಗ್ರೀ?" ಎಂದು ಹೆಂಡತಿ ಅಂಗಿಯ ಚುಂಗು ಹಿಡಿದಳು.

"ಸ್ವಲ್ಪ ಗಾಳಿ..."

"ಇಲ್ಲೇ ತಗೊಳ್ಳಿ."

ಅಷ್ಟರಲ್ಲಿ ರೇಡಿಯೊ ತಾತ ಕೊನೆಯ ಸಾಲಿಗೆ ಬಂದಿದ್ದರು. ಬೆರಳು ಹಾಳೆಯ ಮೇಲೆ ಒಮ್ಮೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಅಲ್ಲಿದ್ದದ್ದು ಯಾವ ಭಾಷೆಗೂ ಸೇರದ ಚುಕ್ಕಿಗಳ ಗುಡ್ಡೆ, ಮಾಮೂಲಿ ಕನ್ನಡ ಅಕ್ಷರಗಳನ್ನು ನುಂಗಲಾರದೆ ಯಂತ್ರ ಕಾರಿಕೊಂಡದ್ದು. ಇಡೀ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ತಾತ ತಡವರಿಸಿದರು. ತಾತ ತಲೆಯೆತ್ತಿ, ಅದೇ ನಿರ್ವಿಕಾರ ದನಿಯಲ್ಲಿ ಹೇಳಿದರು:

"ತಾಂತ್ರಿಕ ಕಾರಣಗಳಿಂದಾಗಿ ಪ್ರಸಾರದಲ್ಲಿ ಅಡಚಣೆ ಉಂಟಾಗಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಮತ್ತು ಕೂತರು.

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡಿತು. ನಗದೆ ಉಳಿದವರು ಮೂವರೇ: ಅರ್ಥವಾಗದ ಆಯುಕ್ತರು, ಅರ್ಥವಾದ ಆಯ್ತುಬಿಡಿ, ಬರೆದುಕೊಳ್ಳುತ್ತಿದ್ದ ಪಿಎ.

"ಏನ್ರೀ ಇದು ತಮಾಷೆ?" ಆಯುಕ್ತರ ಮೀಸೆ ಕುಣಿಯಿತು. "ಕೆಲಸ ಬಿಟ್ಟು ಬಂದಿದ್ದೀನಿ ನಾನು!"

ಆಗಲೇ ಬಸ್ಸಿಳಿದು, ಚೀಲ ಹೆಗಲಲ್ಲಿರುವಂತೆಯೇ ಗ್ರಂಥಪಾಲಕಿ ಒಳಗೆ ಬಂದಳು. ಮುಂದಿದ್ದವರ ಕೈಯಿಂದ ಒಂದು ಹಾಳೆ ತೆಗೆದುಕೊಂಡು ನೋಡಿದಳು. "ಸಂಖ್ಯಾಚಿಹ್ನೆಗಳನ್ನ ಯಾರು ತೆಗೆದದ್ದು?" ಎಂದಳು.

ಸಭೆಯಲ್ಲಿ ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೆ ಒಂದೇ ಗೋಡೆಯ ಕಡೆ ತಿರುಗಿದರು.

"ನಾನು... ಕಸ ಅಂದ್ಕೊಂಡೆ," ಎಂದರು ಆಯ್ತುಬಿಡಿ.

ಗ್ರಂಥಪಾಲಕಿ ಆಯುಕ್ತರಿಗೆ ವಿವರಿಸಿದಳು. "ಸಾರ್, ಬ್ರೈಲಲ್ಲಿ ಅಂಕಿಗಳಿಗೆ ಬೇರೆ ರೂಪ ಇಲ್ಲ. ಅಕ್ಷರದ ಮುಂದೆ ಸಂಖ್ಯಾಚಿಹ್ನೆ ಇಟ್ರೆ ಅಂಕಿ, ತೆಗೆದ್ರೆ ಅಕ್ಷರ. ಏಳು ಹೋಗಿ ‘ಗ’ ಆಗುತ್ತೆ, ಸೊನ್ನೆ ಹೋಗಿ ‘ಜ’ ಆಗುತ್ತೆ. ಎಪ್ಪತ್ತು ಓದುಗರು ಗಜ ಓದುಗರಾದ್ರು. ಒಂದು ಅಂದ್ರೆ ‘ಅ’, ಹಾಗಾಗಿ ಹತ್ತು ಕುರ್ಚಿ ಅಜ ಕುರ್ಚಿಯಾಯ್ತು. ಮಾಮೂಲಿ ಕಂಪ್ಯೂಟರಲ್ಲಿ ಆ ಚಿಹ್ನೆ ಹ್ಯಾಶ್ ಥರ ಕಾಣುತ್ತೆ, ಅದು ಏನು ಅಂತ ಆ ಕಂಪ್ಯೂಟರಿಗೂ ಗೊತ್ತಿಲ್ಲ, ಕೂತವರಿಗೂ ಗೊತ್ತಿಲ್ಲ."

ಅವಳು ಕೋಣೆಯ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆದು ಮೂಲ ಫೈಲನ್ನು ತೋರಿಸಿದಳು. ಪರದೆಯ ಮೇಲೆ ಚುಕ್ಕಿಗಳು ಚುಕ್ಕಿಗಳಾಗಿಯೇ ಇದ್ದವು, ಕೆಳಗೆ ಅದೇ ಮಾತು ಕನ್ನಡದಲ್ಲಿ. ಕೊನೆಯ ಸಾಲನ್ನು ಅಲ್ಲೇ ಸೇರಿಸಿದಳು. ಅದು ತಾನೇ ಚುಕ್ಕಿಯಾಯಿತು. ಸಾಲು ತುಂಬಿದಾಗ ಪದ ಮುರಿಯದೆ ಕೆಳಗಿಳಿಯಿತು. ಪುಟ ತುಂಬಿದಾಗ ಪುಟಸಂಖ್ಯೆ ತಾನಾಗಿ ಸರಿಯಿತು. ಒಂದು ಕೆಂಪು ಗೆರೆಯೂ ಕಾಣಲಿಲ್ಲ.

ಆಯುಕ್ತರು ಬಗ್ಗಿ ನೋಡಿದರು. ಆಮೇಲೆ ರೇಡಿಯೊ ತಾತನ ಕಡೆ ತಿರುಗಿದರು. "ಅಲ್ಲ ಸ್ವಾಮಿ, ಓದುವಾಗ ನಿಮಗಾದ್ರೂ ಗೊತ್ತಾಗಲಿಲ್ವಾ?"

"ಮೊದಲ ಸಾಲಿಗೇ ಗೊತ್ತಾಯ್ತು," ಎಂದರು ತಾತ. "ಆದರೆ ತಿದ್ದೋದು ಸಂಪಾದಕರ ಕೆಲಸ. ಓದೋದು ನನ್ನ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ಏನಾಗುತ್ತೆ ಅಂತ ಈಗ ನೋಡಿದ್ರಲ್ಲ."

ಅತ್ತೆ ಎದ್ದು ನಿಂತರು. ನೀರು ಕುಡಿದ ಮೇಲೆ ಗಂಟಲು ಒಂದಿಷ್ಟು ಬಿಟ್ಟಿತ್ತು. "ಸಾಹೇಬ್ರೇ, ಟೈಪ್ ಮಾಡೋಕೆ ಪ್ರತ್ಯೇಕ ತಂತ್ರಾಂಶ ಯಾಕೆ ಅಂತ ಕೇಳಿದ್ರಿ. ಮಾಮೂಲಿ ಕಂಪ್ಯೂಟರಲ್ಲೇ ನಿಭಾಯಿಸಿ ಅಂದ್ರಿ. ನಿಮ್ಮ ಮಾತು ಮೀರಬಾರದು ಅಂತ ಹಾಗೇ ನಿಭಾಯಿಸಿ ತೋರಿಸಿದ್ದೀವಿ. ಎಲ್ಲಾ ಊರಲ್ಲೂ ನಮ್ಮ ಅಳಿಯಂದಿರಂಥವರು ಇದ್ದೇ ಇರ್ತಾರೆ. ಅವರಿಂದ ನಮ್ಮನ್ನ ಕಾಪಾಡೋದು ನಿಮ್ಮ ಕೈಲಿದೆ."

ಆಯುಕ್ತರ ಮೀಸೆ ಮೊದಲು ಒಂದು ತುದಿಯಲ್ಲಿ ಅದುರಿತು, ಆಮೇಲೆ ಇನ್ನೊಂದು ತುದಿಯಲ್ಲಿ. ತಾವು ಕಣ್ಣು ಮುಚ್ಚಿ ಫೋನ್ ನಂಬರಿಗೆ ಗೌರವ ಸಲ್ಲಿಸಿದ್ದು ನೆನಪಾಗಿ ಅವರಿಗೆ ತಡೆಯಲಾಗಲಿಲ್ಲ. ನಗುತ್ತಲೇ ಕೆಂಪು ಶಾಯಿಯ ಪೆನ್ನು ತೆಗೆದು, ಪಿಎ ತಂದಿದ್ದ ಕಡತದಲ್ಲಿ ತಮ್ಮ ಹಳೆಯ ಟಿಪ್ಪಣಿಯನ್ನು ಹೊಡೆದುಹಾಕಿದರು. "ತಂತ್ರಾಂಶವೂ ಇರಲಿ, ಕೋಣೆಯೂ ಇರಲಿ," ಎಂದವರೇ, "ಆಡುಗಳ ಬದಲು ಕುರ್ಚಿ ಕಳಿಸ್ತೀನಿ," ಎಂದು ಹೊರಟರು.

ಮನೆಯಲ್ಲಿ ಏನು ಕಾದಿದೆಯೋ ಎಂದು ಆಯ್ತುಬಿಡಿ ಹೆದರಿದ್ದರು. ಅತ್ತೆ ಬೈಯಲಿಲ್ಲ. "ನಾಳೆಯಿಂದ ಸಂಜೆ ಗ್ರಂಥಾಲಯಕ್ಕೆ ಬನ್ನಿ, ಬ್ರೈಲ್ ಕಲಿಸ್ತೀನಿ," ಎಂದರು. ಬೈದಿದ್ದರೇ ವಾಸಿಯಿತ್ತು ಎಂದು ಅಳಿಯನಿಗೆ ಅನಿಸಿತು, ಆದರೂ ಹೋದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ನಾಲಿಗೆ ಹೊರಚಾಚಿ, ಒಂದೊಂದೇ ಅಕ್ಷರ ತಡಕಿದರು. ಮೊದಲ ದಿನ ‘ಅ’ ಸಿಕ್ಕಿತು. ಮಾರನೆಯ ದಿನ ಅದೇ ‘ಅ’ ಕಳೆದುಹೋಯಿತು. ವಾರ ಕಳೆಯುವಷ್ಟರಲ್ಲಿ ಮಾತ್ರ ಹೆಂಡತಿ ಎಂಬ ಪದವನ್ನು ಯಾರ ಸಹಾಯವೂ ಇಲ್ಲದೆ ಓದಿ, ಎದ್ದು ನಿಂತು ಎಲ್ಲರ ಕೈ ಕುಲುಕಿದರು.

ಅಂಥ ಒಂದು ಸಂಜೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರು ಹಾಳೆಯ ಮೇಲೆ ಬಗ್ಗಿದ್ದಾಗ, ಚರ್ಮದ ಚೀಲ ಹಿಡಿದ ಅಪರಿಚಿತರೊಬ್ಬರು ಬಾಗಿಲಲ್ಲಿ ನಿಂತು ಸುತ್ತ ನೋಡಿದರು. "ನಾನು ಪಶುವೈದ್ಯಾಧಿಕಾರಿ. ಇಲ್ಲಿಗೆ ದಿನಾ ಆನೆ ಬರುತ್ತಂತೆ, ಪರೀಕ್ಷಿಸಿ ವರದಿ ಕೊಡಿ ಅಂತ ನಗರಸಭೆಯಿಂದ ಆದೇಶ ಬಂದಿದೆ. ಎಲ್ಲಿ?"

ಪಿಎ ಬರೆದುಕೊಂಡದ್ದು ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆದು ಇಲ್ಲಿಗೆ ಬಂದು ಮುಟ್ಟಿತ್ತು.

"ಆನೆ ಇಲ್ಲ ಡಾಕ್ಟ್ರೇ," ಎಂದರು ಅತ್ತೆ.

"ಇಲ್ಲ ಅಂದ್ರೆ ಹೇಗಮ್ಮಾ? ಅಷ್ಟು ದೂರದಿಂದ ಬಂದಿದ್ದೀನಿ. ಏನನ್ನಾದ್ರೂ ಪರೀಕ್ಷಿಸಿದೆ ಅಂತ ಬರೀಲೇಬೇಕು."

"ಅಷ್ಟೇ ತಾನೇ? ಬರಿಗೈಲಿ ಹೋಗಬೇಡಿ. ನಮ್ಮ ಅಳಿಯಂದಿರನ್ನೇ ನೋಡ್ಬಿಡಿ."

ಡಾಕ್ಟರು ಕರ್ತವ್ಯನಿಷ್ಠರು. ಆಯ್ತುಬಿಡಿ ಬಾಯಿ ತೆರೆಯುವ ಮೊದಲೇ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬೆನ್ನು ತಟ್ಟಿ, ಸುತ್ತ ಒಂದು ಸುತ್ತು ಬಂದರು. ಆಮೇಲೆ ಕೂತು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: "ಸ್ಥಳ ಪರಿಶೀಲಿಸಲಾಯಿತು. ಒಂದು ಕಂಡುಬಂದಿದೆ. ಆರೋಗ್ಯ ಉತ್ತಮ. ಸ್ವಭಾವ ಸಾಧು. ಸಾರ್ವಜನಿಕರಿಗೆ ಅಪಾಯವಿಲ್ಲ."

"ಆ ಕೊನೇ ವಾಕ್ಯ ಮಾತ್ರ ಹೊಡೆದುಹಾಕಿ ಡಾಕ್ಟ್ರೇ," ಎಂದರು ಅತ್ತೆ. "ಸರ್ಕಾರಿ ಕಾಗದದಲ್ಲಿ ಸುಳ್ಳು ಇರಬಾರದು."